ಕಿವಿಯ ಅಂದಕ್ಕೊಂದು ಕಿವಿಮಾತು

ಮನೆಯಲ್ಲಿ ಮಗು ಹುಟ್ಟಿತೆಂದರೆ ನೋಡಲು ಬಂದ ಹಿರಿಯರು ಮೊದಲು ತಿರುಗಿಸಿ ನೋಡುವುದು ಕಿವಿಯನ್ನು. ಕಿವಿಯಂಚಿನ ಬಣ್ಣವೇ ಮುಂದೆ ಮಗುವಿನ ಬಣ್ಣವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಮನೆಮನೆಗೂ ಉಂಟು. ತೊಟ್ಟಿಲಿಗೆ ಹಾಕುವ ದಿನ ಹೆಸರನ್ನು ಮೊದಲು ಹೇಳುವುದು ಮಗುವಿನ ಕಿವಿಯಲ್ಲಿ. ದೀಕ್ಷೆ ಕೊಡುವ ಗುರು ಮಂತ್ರವನ್ನು ಉಪದೇಶಿಸುವುದು ಕಿವಿಯಲ್ಲಿ. ಹಿರಿಯರ ಹಿತವಚನಕ್ಕೆ ಕಿವಿಮಾತೆಂದೇ ಹೆಸರು. ತಪ್ಪು ಮಾಡಿದ ಹುಡುಗನಿಗೆ ಹಿಂಡುವುದೂ ಕಿವಿಯನ್ನೇ. ಗಣಪತಿಯನ್ನು ಶೂರ್ಪಕರ್ಣ, ಅಂದರೆ ಮೊರದಂತಹ ಕಿವಿಯುಳ್ಳವನು ಎಂದು ಭಕ್ತಿಯಿಂದ ಕೊಂಡಾಡುವ ನಾವೇ, ಕಿವಿ ಮುಂದಕ್ಕೆ ಚಾಚಿಕೊಂಡಿರುವ ಮಗುವನ್ನು ಮೊರಗಿವಿ, ಆನೆಕಿವಿ ಎಂದು ಕರೆದು ಅಳಿಸುತ್ತೇವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡುವ ಭಾಷೆಗಳು. ಯಾವ ಭಾಷೆಯಲ್ಲಿ ಕರೆದರೂ ಅಡ್ಡಹೆಸರಿನ ನೋವು ಒಂದೇ. ಈ ನೋವಿಗೆ ಮದ್ದಿದೆ, ಕಿವಿಯ ಆಕಾರವನ್ನು ಶಸ್ತ್ರಚಿಕಿತ್ಸೆಯಿಂದ ತಿದ್ದಬಹುದು ಎಂಬ ಸುದ್ದಿ ಇಂದು ಪೇಟೆಯ ಫಲಕಗಳಿಂದ ಹಿಡಿದು ಕೈಯಲ್ಲಿರುವ ಮೊಬೈಲಿನವರೆಗೆ ಬಂದಿದೆ. ಸುದ್ದಿ ನಿಜವೇ. ಆದರೆ ಯಾವ ಕಿವಿಗೆ, ಯಾವ ವಯಸ್ಸಿನಲ್ಲಿ, ಯಾರ ಇಚ್ಛೆಯಿಂದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಜಾಣತನವಲ್ಲ. ತಂದೆತಾಯಿಗಳು ಮನೆಯಲ್ಲೇ ಕುಳಿತು ಯೋಚಿಸಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಚಾಚಿದ ಕಿವಿ ರೋಗವೇ?

ಹೊರಗಿವಿಯೆಂದರೆ ತೆಳುವಾದ ಚರ್ಮದ ಒಳಗೆ ಮಡಿಕೆ ಮಡಿಕೆಯಾಗಿ ನಿಂತಿರುವ ಮೃದ್ವಸ್ಥಿ. ಎಲುಬಿನಷ್ಟು ಗಟ್ಟಿಯಲ್ಲದ, ಮಾಂಸದಷ್ಟು ಮೆತ್ತಗೂ ಅಲ್ಲದ, ಬಗ್ಗಿಸಿದರೆ ಬಗ್ಗಿ ಬಿಟ್ಟರೆ ಮೊದಲಿನಂತೆ ನಿಲ್ಲುವ ವಸ್ತು ಅದು. ಓಲೆ ಹಾಕುವ ಕೆಳಗಿನ ತುದಿಯಲ್ಲಿ, ಅಂದರೆ ಹಾಲೆಯಲ್ಲಿ, ಮಾತ್ರ ಮೃದ್ವಸ್ಥಿ ಇಲ್ಲ. ಅಲ್ಲಿರುವುದು ಚರ್ಮ ಮತ್ತು ಕೊಬ್ಬು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಸಾಮಾನ್ಯವಾಗಿ ಕಿವಿಯ ಹೊರ ಅಂಚು ತಲೆಯಿಂದ ಒಂದೂವರೆ, ಎರಡು ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ದೂರಕ್ಕೆ ಚಾಚಿದ್ದರೆ ಎದುರಿನಿಂದ ನೋಡುವವರಿಗೆ ಕಿವಿ ಎದ್ದು ಕಾಣುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಎರಡು. ಹೊರ ಅಂಚಿಗೆ ಸಮನಾಗಿ ಒಳಗೆ ಇರಬೇಕಾದ ಮಡಿಕೆ ಸರಿಯಾಗಿ ಮೂಡದಿರುವುದು ಒಂದು. ಕಿವಿಯ ನಡುವಿನ ಬಟ್ಟಲು ಅಗತ್ಯಕ್ಕಿಂತ ಆಳವಾಗಿ ಬೆಳೆದಿರುವುದು ಇನ್ನೊಂದು. ಎಷ್ಟೋ ಮಕ್ಕಳಲ್ಲಿ ಎರಡೂ ಕೂಡಿರುತ್ತವೆ. ಅಜ್ಜನಿಂದ ತಂದೆಗೆ, ತಂದೆಯಿಂದ ಮಗನಿಗೆ ಇಳಿದು ಬರುವುದೂ ಉಂಟು. ಇದು ರೋಗವಲ್ಲ. ಇದರಿಂದ ಕೇಳುವ ಶಕ್ತಿ ಕುಂದುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕೇಳುವ ಶಕ್ತಿ ಹೆಚ್ಚುವುದೂ ಇಲ್ಲ. ಚಾಚಿದ ಕಿವಿಯೊಡನೆ ನೆಮ್ಮದಿಯಾಗಿ ಬದುಕಿದವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಹಾಗಾಗಿ ಚಿಕಿತ್ಸೆ ಬೇಕೇ ಎಂಬುದನ್ನು ಅಳತೆಪಟ್ಟಿ ತೀರ್ಮಾನಿಸಲಾರದು. ಆ ಕಿವಿಯನ್ನು ಹೊತ್ತವರ ಮನಸ್ಸೇ ತೀರ್ಮಾನಿಸಬೇಕು.

ಬಾಣಂತಿ ಕೋಣೆಯ ಕೆಲವು ವಾರಗಳು

ಎಣ್ಣೆನೀರು ಹಾಕುವ ಅಜ್ಜಿ ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೂಗು ತೀಡುವುದನ್ನು, ಕಿವಿ ಒತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಎಳೆಯದರಲ್ಲಿ ತಿದ್ದಿದರೆ ತಿದ್ದಬಹುದು ಎಂಬ ಆ ಅಜ್ಜಿಯ ತಿಳಿವಳಿಕೆಯಲ್ಲಿ ಒಂದು ಸತ್ಯಾಂಶವಿದೆ. ತಾಯಿಯ ರಕ್ತದಿಂದ ಬಂದ ಈಸ್ಟ್ರೋಜನ್ ಎಂಬ ಹಾರ್ಮೋನು ಹುಟ್ಟಿದ ಮೊದಲ ಕೆಲವು ವಾರ ಮಗುವಿನ ಮೈಯಲ್ಲಿ ಉಳಿದಿರುತ್ತದೆ. ಆ ಅವಧಿಯಲ್ಲಿ ಕಿವಿಯ ಮೃದ್ವಸ್ಥಿ ಹಸಿ ಜೇಡಿಯಂತೆ ಮೆತ್ತಗಿರುತ್ತದೆ. ದಿನ ಕಳೆದಂತೆ ಅದು ಬಿಗಿಯುತ್ತ ಹೋಗುತ್ತದೆ.

1980ರ ದಶಕದಲ್ಲಿ ಜಪಾನಿನ ವೈದ್ಯರು ಈ ಗುಣವನ್ನು ಬಳಸಿಕೊಂಡು, ಮಡಿಚಿಕೊಂಡ ಅಥವಾ ಚಾಚಿದ ಎಳೆಯ ಕಿವಿಗೆ ಮೆತ್ತನೆಯ ಅಚ್ಚನ್ನಿಟ್ಟು ಅಂಟುಪಟ್ಟಿಯಿಂದ ಕೆಲವು ವಾರ ಹಿಡಿದಿಡುವ ವಿಧಾನವನ್ನು ಬೆಳೆಸಿದರು. ಕತ್ತರಿಯೂ ಬೇಡ, ಹೊಲಿಗೆಯೂ ಬೇಡ. ಮೊದಲ ಎರಡು ಮೂರು ವಾರಗಳೊಳಗೆ ಆರಂಭಿಸಿದರೆ ಫಲ ಚೆನ್ನಾಗಿರುತ್ತದೆ. ತಿಂಗಳುಗಳು ಉರುಳಿದ ಮೇಲೆ ಈ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಅಜ್ಜಿಯ ಕೈ ದಿನಕ್ಕೊಮ್ಮೆ ಒತ್ತಿ ಬಿಡುತ್ತದೆ. ಅಚ್ಚು ಹಗಲೂ ರಾತ್ರಿಯೂ ಹಿಡಿದಿರುತ್ತದೆ. ಆದುದರಿಂದ ಅಂಗೈಯ ಒತ್ತಡವನ್ನು ನಂಬಿ ಕಾಲ ಕಳೆಯದೆ, ಲಸಿಕೆಗೆ ಹೋದಾಗ ಮಕ್ಕಳ ವೈದ್ಯರಿಗೆ ಕಿವಿಯನ್ನೂ ತೋರಿಸಿ ಕೇಳುವುದು ಒಳ್ಳೆಯದು. ಹಲವು ಮಕ್ಕಳ ಕಿವಿ ತಾನಾಗಿಯೇ ಸರಿಹೋಗುವುದೂ ಉಂಟು. ಯಾವುದು ಸರಿಹೋಗುವಂಥದು, ಯಾವುದು ಅಲ್ಲ ಎಂಬುದನ್ನು ವೈದ್ಯರು ಹೇಳಬಲ್ಲರು. ಮನೆಯಲ್ಲೇ ಅಂಟುಪಟ್ಟಿ ಬಿಗಿದು ಎಳೆಯ ಚರ್ಮವನ್ನು ಸುಲಿಸಬಾರದು. ಕಿವಿಯೊಳಗೆ ಎಣ್ಣೆ ಹೊಯ್ಯುವ ರೂಢಿಯನ್ನಂತೂ ಬಿಟ್ಟೇಬಿಡಬೇಕು.

ಗ್ರಹಣದ ಮಾತು, ತಾಯಿಯ ಕಣ್ಣೀರು

ಅಪರೂಪಕ್ಕೆ ಕೆಲವು ಮಕ್ಕಳು ಒಂದು ಕಿವಿ ತೀರ ಚಿಕ್ಕದಾಗಿ, ಕಡಲೆಕಾಯಿಯಂತೆ ಮುದುಡಿಕೊಂಡು ಹುಟ್ಟುತ್ತವೆ. ಕೆಲವು ಮಕ್ಕಳಿಗೆ ಹೊರಗಿವಿ ಇರುವುದೇ ಇಲ್ಲ. ವೈದ್ಯರು ಇದನ್ನು ಮೈಕ್ರೋಷಿಯಾ ಎನ್ನುತ್ತಾರೆ. ಹಲವು ಸಾವಿರ ಹೆರಿಗೆಗಳಲ್ಲಿ ಒಂದರಂತೆ ಕಾಣಬರುವ ಈ ಕೊರತೆ ಎಡಕ್ಕಿಂತ ಬಲಗಿವಿಯಲ್ಲಿ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು.

ಇಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲ ಆರೋಪ ತಾಯಿಯ ಮೇಲೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಈಳಿಗೆ ಮುಟ್ಟಿದಳು, ತರಕಾರಿ ಹೆಚ್ಚಿದಳು ಎಂದು ಹಸಿ ಬಾಣಂತಿಯನ್ನು ಮಾತಿನಿಂದಲೇ ಕೊಯ್ಯುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲೆಂದೇ ಒಂದು ಸಮಿತಿಯನ್ನು ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಹೇಳಿದ ಅಂಥವರು ಹುಟ್ಟಿದ ಸೀಮೆಯಲ್ಲಿ, ಆಕಾಶದ ನೆರಳಿಗಾಗಿ ಬಾಣಂತಿಯನ್ನು ದೂರುವುದು ಶೋಭಿಸುವುದಿಲ್ಲ. ಬಸಿರಿನ ಮೊದಲ ಮೂರು ತಿಂಗಳಲ್ಲೇ ಕಿವಿ ರೂಪುಗೊಳ್ಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕೊರತೆಗೆ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಖಚಿತವಾಗಿ ತಿಳಿದಿರುವ ಕಾರಣಗಳಲ್ಲಿ ಕೆಲವು ಔಷಧಗಳು ಸೇರಿವೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯನ್ನು ಬಸಿರಿನ ಆರಂಭದಲ್ಲಿ ನುಂಗಿದರೆ ಮಗುವಿನ ಕಿವಿಗೂ ಹೃದಯಕ್ಕೂ ಹಾನಿಯಾಗಬಹುದು. ಗರ್ಭಿಣಿಯರು ಹೆದರಬೇಕಾದದ್ದು ಗ್ರಹಣಕ್ಕಲ್ಲ, ವೈದ್ಯರನ್ನು ಕೇಳದೆ ನುಂಗುವ ಗುಳಿಗೆಗೆ.

ಈ ಮಕ್ಕಳ ವಿಷಯದಲ್ಲಿ ಅಂದದ ಮಾತು ಆಮೇಲೆ. ಮೊದಲು ಕೇಳುವ ಶಕ್ತಿಯ ಪರೀಕ್ಷೆ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಕೊರತೆಯ ನಿರ್ಣಯ, ಆರು ತಿಂಗಳೊಳಗೆ ಪರಿಹಾರದ ಆರಂಭ, ಇದು ಇಂದು ವೈದ್ಯಲೋಕ ಒಪ್ಪಿರುವ ಕಾಲಪಟ್ಟಿ. ಹೊರಗಿವಿ ಮುದುಡಿದ್ದರೂ ಬಹುಪಾಲು ಮಕ್ಕಳಲ್ಲಿ ಒಳಗಿವಿ ಚೆನ್ನಾಗಿರುತ್ತದೆ. ಮುಚ್ಚಿದ ದಾರಿಯನ್ನು ಬಳಸದೆ ತಲೆಬುರುಡೆಯ ಎಲುಬಿನ ಮೂಲಕವೇ ಶಬ್ದವನ್ನು ಒಳಗೆ ಕಳಿಸುವ ಶ್ರವಣ ಸಾಧನಗಳಿವೆ. ಎಳೆಗೂಸಿಗೆ ಅವನ್ನು ಮೆತ್ತನೆಯ ತಲೆಪಟ್ಟಿಯಲ್ಲಿ ಕೂರಿಸಿ ಕಟ್ಟಬಹುದು. ಎರಡೂ ಕಿವಿ ಮುಚ್ಚಿರುವ ಮಗುವಿಗೆ ಇದು ತಡವಾದರೆ ಮಾತು ಕಲಿಯುವ ಅಮೂಲ್ಯ ಕಾಲವೇ ಜಾರಿಹೋಗುತ್ತದೆ. ಒಂದೇ ಕಿವಿ ಮುಚ್ಚಿದ್ದರೆ ಮಾತು ಬರುತ್ತದೆ. ಆದರೆ ಶಾಲೆಯಲ್ಲಿ ಅದನ್ನು ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ಮೇಷ್ಟರ ಕಡೆಗಿರುವಂತೆ ಕೂರಿಸಬೇಕು. ಜೊತೆಗೆ ಮುಖದ ಬೆಳವಣಿಗೆಯನ್ನೂ ಮೂತ್ರಪಿಂಡಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವಂತೆ ವೈದ್ಯರು ಸೂಚಿಸಬಹುದು.

ಹೊಸ ಹೊರಗಿವಿಯನ್ನು ಕಟ್ಟುವ ಕೆಲಸ ಶಸ್ತ್ರವೈದ್ಯದ ಕಷ್ಟದ ಕೆಲಸಗಳಲ್ಲೊಂದು. ಅಮೆರಿಕದ ವೈದ್ಯ ಟ್ಯಾನ್ಸರ್ 1959ರಲ್ಲಿ ಪ್ರಕಟಿಸಿದ ದಾರಿಯನ್ನು ಮುಂದೆ ಬ್ರೆಂಟ್, ಜಪಾನಿನ ನಗಾಟ ಮೊದಲಾದವರು ಬೆಳೆಸಿದರು. ರೋಗಿಯದೇ ಪಕ್ಕೆಲುಬಿನ ಮೃದ್ವಸ್ಥಿಯನ್ನು ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ, ಚರ್ಮದಡಿ ಹುದುಗಿಸಿ, ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಕಿವಿಯನ್ನು ನಿಲ್ಲಿಸುತ್ತಾರೆ. ಪಕ್ಕೆಲುಬು ಸಾಕಷ್ಟು ಬೆಳೆಯಬೇಕಾದ್ದರಿಂದ ವಿಧಾನಕ್ಕೆ ತಕ್ಕಂತೆ ಆರರಿಂದ ಹತ್ತು ವರ್ಷದವರೆಗೆ ಕಾಯಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಸಿಲಿಕೋನ್‌ನಿಂದ ಮಾಡಿದ ಕೃತಕ ಕಿವಿಯೂ ಉಂಟು. ಒಂದು ಎಚ್ಚರಿಕೆ: ಕಿವಿಯ ರಂಧ್ರವನ್ನು ತೆರೆಸುವ ಅವಸರದಲ್ಲಿ ಅಲ್ಲಿಯ ಚರ್ಮದ ಮೇಲೆ ಗಾಯದ ಕಲೆ ಬಿದ್ದರೆ ಮುಂದೆ ಹೊರಗಿವಿ ಕಟ್ಟುವುದು ಕಷ್ಟವಾಗುತ್ತದೆ. ಕಿವಿ ತಜ್ಞರೂ ಪ್ಲಾಸ್ಟಿಕ್ ಶಸ್ತ್ರವೈದ್ಯರೂ ಮೊದಲೇ ಕೂಡಿ ಯೋಜಿಸಬೇಕು.

ಶಾಲೆಯ ಬಾಗಿಲಲ್ಲಿ

ಮತ್ತೆ ಚಾಚಿದ ಕಿವಿಯ ವಿಷಯಕ್ಕೆ ಬರೋಣ. ಮೂರು ವರ್ಷದ ಹೊತ್ತಿಗೇ ಮಗುವಿನ ಕಿವಿ ದೊಡ್ಡವರ ಕಿವಿಯ ಸುಮಾರು ಶೇಕಡಾ 85ರಷ್ಟು ಬೆಳೆದಿರುತ್ತದೆ. ಐದಾರು ವರ್ಷಕ್ಕೆ ಬೆಳವಣಿಗೆ ಬಹುಪಾಲು ಮುಗಿಯುತ್ತದೆ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯನ್ನು ಐದಾರು ವರ್ಷವಾದ ಮೇಲೆ ಯಾವಾಗ ಬೇಕಾದರೂ ಮಾಡಬಹುದು. ಮೃದ್ವಸ್ಥಿ ಇನ್ನೂ ಎಳಸಾಗಿ ಬಗ್ಗುತ್ತದೆ, ಶಾಲೆಯ ಹಾಸ್ಯ ಇನ್ನೂ ಮನಸ್ಸಿಗೆ ಇಳಿದಿರುವುದಿಲ್ಲ ಎಂಬ ಕಾರಣದಿಂದ ಆ ವಯಸ್ಸನ್ನು ಅನೇಕ ವೈದ್ಯರು ಮೆಚ್ಚುತ್ತಾರೆ. ಆದರೆ ಆ ವಯಸ್ಸಿನ ಮಗುವಿಗೆ ತನ್ನ ಕಿವಿಯ ಬಗ್ಗೆ ಯಾವ ದೂರೂ ಇಲ್ಲದಿದ್ದರೆ, ದೂರು ತಾಯಿತಂದೆಯರದು ಮಾತ್ರವಾಗಿದ್ದರೆ, ಕಾಯುವುದೇ ಮೇಲು. ಹತ್ತು ಹನ್ನೆರಡು ವರ್ಷಕ್ಕೆ, ಯೌವನದಲ್ಲಿ, ನಡುವಯಸ್ಸಿನಲ್ಲಿ ಮಾಡಿಸಿದರೂ ಫಲ ಸಿಗುತ್ತದೆ. ಬಾಗಿಲು ಮುಚ್ಚಿಹೋಗುವುದೆಂಬ ಭಯ ಇಲ್ಲಿ ಬೇಕಿಲ್ಲ.

ಮಗುವಿಗೆ ನೋವಿದೆಯೇ ಎಂಬುದನ್ನು ಬಲ್ಲ ತಾಯಿ ಕೇಳದೆಯೇ ಅರಿಯುತ್ತಾಳೆ. ಶಾಲೆಗೆ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವಾಗ ಮಗಳು ಕೂದಲನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾಳೆ. ಕ್ಷೌರದಂಗಡಿಗೆ ಹೊರಟರೆ ಮಗ ಅಳುತ್ತಾನೆ; ಮುಡಿ ಕೊಡುವ ಹರಕೆಯೆಂದರೆ ಹೆದರುತ್ತಾನೆ. ಫೋಟೋ ತೆಗೆಯುವಾಗ ಮುಖ ತಿರುಗಿಸುತ್ತಾನೆ. ಇಂಥ ಲಕ್ಷಣಗಳು ಕಂಡಾಗ ಮೊದಲ ಚಿಕಿತ್ಸೆ ಮನೆಯಲ್ಲೂ ಶಾಲೆಯಲ್ಲೂ ಆಗಬೇಕು. ಅಡ್ಡಹೆಸರು ಬಹಳ ಸಲ ಹುಟ್ಟುವುದು ಮನೆಯ ಪ್ರೀತಿಯಲ್ಲೇ. ಸೋದರಮಾವನ ಮುದ್ದಿನ ಮಾತು ಶಾಲೆಯ ಅಂಗಳ ಸೇರಿದಾಗ ಮುಳ್ಳಾಗುತ್ತದೆ. ಮನೆಯವರು ಆ ಹೆಸರನ್ನು ಬಿಡಬೇಕು, ಮೇಷ್ಟರಿಗೆ ವಿಷಯ ತಿಳಿಸಬೇಕು. ಇಷ್ಟಾದ ಮೇಲೂ ಮಗುವಿನ ಸಂಕಟ ಉಳಿದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬಹುದು. ಅದನ್ನು ಮಾಡಿಸಿಕೊಳ್ಳುವ ಮಗು ತಾನೇ ಒಪ್ಪಿರಬೇಕು. ಒಪ್ಪಿದ ಮಗು ಪಟ್ಟಿಯನ್ನು ಕಿತ್ತೆಸೆಯುವುದಿಲ್ಲ, ರಾತ್ರಿ ತಲೆಪಟ್ಟಿ ಕಟ್ಟಿಕೊಂಡು ಮಲಗುತ್ತದೆ. ಹೆದರಿಸಿ ಕರೆದೊಯ್ದ ಮಗುವಿನಿಂದ ಇದನ್ನು ನಿರೀಕ್ಷಿಸಲಾಗದು.

ಕಿವಿ ಹಿಂಡುವ ವಿಷಯವನ್ನೂ ಇಲ್ಲಿ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಕಾನೂನಿನ ಮಾತಿರಲಿ, ಬಲವಾಗಿ ಹಿಂಡಿದಾಗ ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಂಡು ಕಿವಿ ಊದಬಹುದು. ಗರಡಿಯ ಪೈಲ್ವಾನರ ಮುದ್ದೆಗಟ್ಟಿದ ಕಿವಿ ಆಗುವುದು ಹೀಗೆಯೇ. ಕಬಡ್ಡಿಯಲ್ಲೋ ಕುಸ್ತಿಯಲ್ಲೋ ಕಿವಿಗೆ ಪೆಟ್ಟು ಬಿದ್ದು ಊದಿಕೊಂಡರೆ ಒಂದೆರಡು ದಿನದೊಳಗೆ ವೈದ್ಯರಲ್ಲಿ ರಕ್ತ ತೆಗೆಸಿ ಪಟ್ಟಿ ಕಟ್ಟಿಸಬೇಕು. ತಡಮಾಡಿದರೆ ಮುದುಡಿದ ಆಕಾರವೇ ಶಾಶ್ವತವಾಗುತ್ತದೆ.

ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಚಾಚಿದ ಕಿವಿಯನ್ನು ಅಂದಕ್ಕಾಗಿ ತಿದ್ದಿದ ಮೊದಲ ವರದಿಯನ್ನು 1881ರಲ್ಲಿ ನ್ಯೂಯಾರ್ಕಿನ ಡಾ. ಎಲಿ ಬರೆದರು. 1963ರಲ್ಲಿ ಮುಸ್ಟಾರ್ಡೆ ಎಂಬ ವೈದ್ಯರು ಮೃದ್ವಸ್ಥಿಯನ್ನು ಕತ್ತರಿಸದೆ, ಹಿಂಬದಿಯಿಂದ ಹೊಲಿಗೆ ಹಾಕಿ ಮಡಿಕೆ ಮೂಡಿಸುವ ದಾರಿ ತೋರಿಸಿದರು. 1968ರಲ್ಲಿ ಫರ್ನಾಸ್ ಎಂಬವರು ಆಳವಾದ ಬಟ್ಟಲನ್ನು ತಲೆಯ ಕಡೆಗೆ ಎಳೆದು ಹೊಲಿಯುವ ಕ್ರಮವನ್ನು ವಿವರಿಸಿದರು. ಇಂದಿಗೂ ನಡೆಯುವ ಕೆಲಸದ ತಿರುಳು ಇವೇ.

ಕಿವಿಯ ಹಿಂದಿನ ಸಂದಿಯಲ್ಲಿ ಚರ್ಮವನ್ನು ಕೊಯ್ದು, ಒಳಗಿನ ಮೃದ್ವಸ್ಥಿಯನ್ನು ಬೇಕಾದಂತೆ ಮಡಿಸಿ, ಕರಗದ ದಾರದಿಂದ ಹೊಲಿದು, ಚರ್ಮವನ್ನು ಮುಚ್ಚುತ್ತಾರೆ. ಶಿಡ್ಲಘಟ್ಟದವರಿಗೆ ಸಂತೋಷದ ಮಾತೆಂದರೆ ರೇಷ್ಮೆ ದಾರ ಶಸ್ತ್ರವೈದ್ಯರ ಹಳೆಯ ಸಂಗಾತಿ. ಆದರೆ ಈ ಒಳಹೊಲಿಗೆಗೆ ಇಂದು ಹೆಚ್ಚಾಗಿ ಬಳಸುವುದು ನೈಲಾನಿನಂತಹ ಕೃತಕ ದಾರವನ್ನು. ಗಾಯದ ಗೆರೆ ಕಿವಿಯ ಹಿಂದೆ ಅಡಗಿರುತ್ತದೆ. ಚಿಕ್ಕ ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕು; ದೊಡ್ಡವರಿಗೆ ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದರೂ ಸಾಕು. ಎರಡೂ ಕಿವಿಗೆ ಒಂದೆರಡು ಗಂಟೆ ಹಿಡಿಯುತ್ತದೆ. ತಲೆಯ ಸುತ್ತ ಕಟ್ಟಿದ ಪಟ್ಟಿ ಸುಮಾರು ಒಂದು ವಾರ ಇರುತ್ತದೆ. ಆಮೇಲೆ ನಾಲ್ಕಾರು ವಾರ ರಾತ್ರಿ ಮಲಗುವಾಗ ತಲೆಪಟ್ಟಿ ಕಟ್ಟಿಕೊಳ್ಳಬೇಕು. ವಾರ ಹತ್ತು ದಿನಕ್ಕೆ ಮಗು ಶಾಲೆಗೆ ಹೋಗಬಹುದು. ಕಬಡ್ಡಿ, ಈಜು, ಕುಸ್ತಿಗಳಿಗೆ ತಿಂಗಳು ಒಂದೂವರೆ ತಿಂಗಳು ರಜೆ. ದೊಡ್ಡವರು ಬಿಗಿಯಾದ ಹೆಲ್ಮೆಟ್ಟನ್ನು ಯಾವಾಗ ತೊಡಬಹುದೆಂದು ಕೇಳಿ ತಿಳಿಯಬೇಕು. ಅಲ್ಲಿಯವರೆಗೆ ಬೈಕು ಮುಟ್ಟದೆ ಬಸ್ಸಿನಲ್ಲಿ ಓಡಾಡುವುದೇ ಕ್ಷೇಮ.

ತೊಂದರೆಗಳಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪಟ್ಟಿಯೊಳಗೆ ರಕ್ತ ಕಟ್ಟಬಹುದು, ಕೀವಾಗಬಹುದು, ಒಳಗಿನ ದಾರ ಹೊರಗೆ ಇಣುಕಬಹುದು, ಕಿವಿ ಸ್ವಲ್ಪ ಮಟ್ಟಿಗೆ ಮತ್ತೆ ಚಾಚಿಕೊಳ್ಳಬಹುದು. ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಕಿವಿ ಜೋಮು ಹಿಡಿದಂತಿರುವುದು ಸಾಮಾನ್ಯ. ಒಂದೇ ಕಡೆ ನೋವು ಕಡಿಮೆಯಾಗದೆ ಏರುತ್ತಲೇ ಹೋದರೆ, ಜ್ವರ ಬಂದರೆ, ಪಟ್ಟಿ ಒದ್ದೆಯಾದರೆ, ನಾಳೆ ನೋಡೋಣವೆನ್ನದೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಎರಡೂ ಕಿವಿ ಅಚ್ಚಿನಲ್ಲಿ ಒತ್ತಿದಂತೆ ಒಂದೇ ಸಮನಾಗಲಿ ಎಂದು ಬಯಸುವುದೂ ಸಲ್ಲದು. ಹುಟ್ಟಿನಿಂದ ಅಂದವಾಗಿರುವವರ ಕಿವಿಗಳೂ ಹಾಗಿರುವುದಿಲ್ಲ.

ತಾಯಂದಿರ ಹಾಲೆ

ಚಾಚಿದ ಕಿವಿಗಿಂತ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹರಿದ ಹಾಲೆ. ಬೆಂಡೋಲೆ, ಜುಮಕಿಗಳ ಭಾರಕ್ಕೆ ತೂತು ವರ್ಷವರ್ಷಕ್ಕೂ ಉದ್ದವಾಗುತ್ತ ಒಂದು ದಿನ ಹಾಲೆ ಎರಡಾಗುತ್ತದೆ. ಕಂಕುಳ ಕೂಸು ಓಲೆ ಹಿಡಿದು ಜಗ್ಗುವುದು, ಸೆರಗಿನ ನೂಲಿಗೆ ತಿರುಪು ಸಿಕ್ಕಿಕೊಳ್ಳುವುದು, ಕಳ್ಳರು ಕಿತ್ತೊಯ್ಯುವುದು ಇವೂ ಕಾರಣಗಳೇ. ಚಿನ್ನದ ಕತ್ತಿಯೆಂದು ಕತ್ತು ಕೊಯ್ದುಕೊಳ್ಳಲಾದೀತೇ ಎಂಬ ಗಾದೆ ಓಲೆಗೂ ಸಲ್ಲುತ್ತದೆ. ಹಿಂದಿನವರು ಓಲೆಯಿಂದ ಕೂದಲಿಗೆ ಮಾಟಿಯನ್ನು ಸಿಕ್ಕಿಸುತ್ತಿದ್ದದ್ದು ಬರೀ ಶೃಂಗಾರಕ್ಕಲ್ಲ. ಓಲೆಯ ಭಾರವನ್ನು ಅದು ಹಾಲೆಯಿಂದ ತಲೆಗೂದಲಿಗೆ ಹಂಚುತ್ತಿತ್ತು. ಮದುವೆ ಮನೆಯಲ್ಲಿ ಭಾರದ ಓಲೆ ತೊಡುವವರು ಮಾಟಿಯನ್ನು ಮರೆಯದಿರಲಿ. ಮಲಗುವಾಗ ಓಲೆ ತೆಗೆದಿಡಲಿ.

ಹರಿದ ಹಾಲೆಯನ್ನು ಸರಿಪಡಿಸುವುದು ಚಿಕ್ಕ ಶಸ್ತ್ರಚಿಕಿತ್ಸೆ. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲದ್ದರಿಂದ ಕೆಲಸ ಸರಳ. ಮರಗಟ್ಟಿಸುವ ಸೂಜಿ ಹಾಕಿ, ಹಳೆಯ ತೂತಿನ ಅಂಚಿನ ಚರ್ಮವನ್ನು ತೆಗೆದು, ಹಸಿ ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಅಂಚನ್ನು ಹಸಿ ಮಾಡದೆ ಅಂಟುದ್ರವ್ಯದಿಂದ ಅಂಟಿಸಿದರೆ ಒಳಗೆ ಕೂಡಿಕೊಳ್ಳುವುದಿಲ್ಲ. ಅದೇ ದಿನ ಮನೆಗೆ ಬರಬಹುದು. ಹೊಲಿಗೆ ಬಿಚ್ಚಿದ ಮೇಲೆ ಎರಡು ಮೂರು ತಿಂಗಳು ಕಾದು, ಗಾಯದ ಗೆರೆಯನ್ನು ತಪ್ಪಿಸಿ, ಪಕ್ಕದಲ್ಲಿ ಹೊಸ ತೂತು ಹಾಕಿಸಬೇಕು. ಮದುವೆ ನಿಶ್ಚಯವಾದ ಮನೆಯವರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಒಳ್ಳೆಯದು.

ಇದು ಪರದೇಶದಿಂದ ಬಂದ ವಿದ್ಯೆಯಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಕಿವಿ ಚುಚ್ಚುವ, ಹರಿದ ಕಿವಿಯನ್ನು ಕೂಡಿಸುವ ಕ್ರಮಕ್ಕೇ ಮೀಸಲು. ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಸೂರ್ಯನ ಬೆಳಕು ಹಾಲೆಯೊಳಗೆ ಹಾದು ಕಾಣುವ ಜಾಗದಲ್ಲಿ ಚುಚ್ಚಬೇಕೆಂದು ಅಲ್ಲಿ ಹೇಳಿದೆ. ಹರಿದ ಹಾಲೆಯನ್ನು ಕೂಡಿಸಲು 15 ವಿಧಾನಗಳನ್ನು ಹೆಸರಿಸಿದೆ. ಹಾಲೆಯೇ ಇಲ್ಲದಾಗ ಕೆನ್ನೆಯ ಚರ್ಮವನ್ನು ಬಳಸಿ ಹಾಲೆ ಕಟ್ಟುವ ಕ್ರಮವೂ ಅದರಲ್ಲಿದೆ. ಈ ಪರಂಪರೆಯ ಒಂದು ಎಳೆ ನಮ್ಮ ಸೀಮೆಯ ಚರಿತ್ರೆಗೂ ತಾಗುತ್ತದೆ. 1791ರ ಅಕ್ಟೋಬರಿನಲ್ಲಿ ನಂದಿದುರ್ಗ ಬ್ರಿಟಿಷರ ವಶವಾದ ಮೂರನೆಯ ಮೈಸೂರು ಯುದ್ಧದಲ್ಲಿ, ಬ್ರಿಟಿಷ್ ಸೈನ್ಯದ ಎತ್ತು ಹೊಡೆಯುವ ಕಾವಸ್‌ಜಿ ಎಂಬವನು ಸೆರೆಸಿಕ್ಕು ಮೂಗನ್ನು ಕಳೆದುಕೊಂಡ. ಪುಣೆಯ ಸಮೀಪ ದೇಶೀ ವೈದ್ಯನೊಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದ. ಆ ವಿವರ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು; ಯುರೋಪಿನ ಶಸ್ತ್ರವೈದ್ಯರು ಅದನ್ನು ಓದಿ ಕಲಿತರು.

ಕೆಲವರ ಮೈಗುಣದಲ್ಲಿ ಕಿವಿ ಚುಚ್ಚಿದ ಜಾಗದಲ್ಲಿ ಗಾಯ ಮಾಯ್ದ ಮೇಲೂ ಚರ್ಮ ಬೆಳೆಯುತ್ತಲೇ ಹೋಗಿ ನೆಲ್ಲಿಕಾಯಿಯಷ್ಟು ಗಂಟಾಗುತ್ತದೆ. ಇದಕ್ಕೆ ಕೀಲಾಯ್ಡ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಕೊಯ್ದು ತೆಗೆದಷ್ಟರಿಂದಲೇ ಮುಗಿಯುವುದೂ ಇಲ್ಲ. ಸ್ಟಿರಾಯ್ಡ್ ಸೂಜಿ, ಒತ್ತುವ ಓಲೆ ಮೊದಲಾದ ಉಪಾಯಗಳು ಜೊತೆಗಿರದಿದ್ದರೆ ಮತ್ತೆ ಬೆಳೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಇಂಥ ಗಂಟು ಬಂದಿದ್ದರೆ ಅಂದಕ್ಕಾಗಿ ಕಿವಿಗೆ ಕತ್ತಿ ತಾಗಿಸುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಬುಗುಡಿಗೆಂದು ಕಿವಿಯ ಮೇಲಂಚನ್ನು ಚುಚ್ಚಿಸುವವರೂ ಎಚ್ಚರದಿಂದಿರಬೇಕು. ಅಲ್ಲಿರುವುದು ಮೃದ್ವಸ್ಥಿ, ಕೀವಾದರೆ ಅದು ಕರಗಿ ಕಿವಿಯೇ ಕುಸಿಯಬಹುದು. ಅಕ್ಕಸಾಲಿಗರಾಗಲಿ ಅಂಗಡಿಯವರಾಗಲಿ, ಶುದ್ಧಗೊಳಿಸಿದ ಸೂಜಿಯಿಲ್ಲದೆ ಚುಚ್ಚಗೊಡಬೇಡಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲೂ ಸರ್ಕಾರಿ ಶಾಲೆಯಲ್ಲೂ ವೈದ್ಯರ ತಂಡ ಪರೀಕ್ಷಿಸುತ್ತದೆ. ಹುಟ್ಟು ಕಿವುಡು ಅದರ ಪಟ್ಟಿಯಲ್ಲಿದೆ. ಆಶಾ ಕಾರ್ಯಕರ್ತೆಯರಿಗೆ ಹೇಳಿದರೆ ದಾರಿ ತೋರಿಸುತ್ತಾರೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಚಿಕ್ಕಬಳ್ಳಾಪುರದಲ್ಲಿ ಇಂದು ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಸಂಸ್ಥೆ ಆರಂಭವಾಗಿದೆ. ಮೊದಲ ತಪಾಸಣೆ ಹತ್ತಿರದಲ್ಲೇ ಆಗಲಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಮೊದಲಾದೆಡೆ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯ ವಿಭಾಗಗಳಿವೆ. ಶ್ರವಣ ದೋಷಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಡೀ ದೇಶಕ್ಕೆ ಹೆಸರಾದದ್ದು.

ಖಾಸಗಿ ಚಿಕಿತ್ಸಾಲಯಕ್ಕೆ ಹೋದರೆ ಈ ಮಾತುಗಳನ್ನು ಸಂಕೋಚವಿಲ್ಲದೆ ಕೇಳಿ. ಶಸ್ತ್ರಚಿಕಿತ್ಸೆ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದವರೇ, ಅಥವಾ ಈ ಕೆಲಸದಲ್ಲಿ ಪಳಗಿದ ಕಿವಿ-ಮೂಗು-ಗಂಟಲು ತಜ್ಞರೇ? ಮಗುವಿಗೆ ಅರಿವಳಿಕೆ ಕೊಡಲು ಅರಿವಳಿಕೆ ತಜ್ಞರಿರುತ್ತಾರೆಯೇ? ಆಮೇಲೆ ಎಷ್ಟು ಸಲ ಬರಬೇಕು? ತೊಂದರೆಯಾದರೆ ರಾತ್ರಿ ಯಾರನ್ನು ಕರೆಯಬೇಕು? ಒಟ್ಟು ಖರ್ಚೆಷ್ಟು, ಮತ್ತೊಮ್ಮೆ ಮಾಡಬೇಕಾಗಿ ಬಂದರೆ ಆ ಖರ್ಚು ಯಾರದು? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಣಿ ಮಾಡಿಸಿಕೊಂಡಿರಬೇಕು, ಶುಲ್ಕದ ವಿವರವನ್ನು ಎದುರಿಗೆ ತೂಗುಹಾಕಿರಬೇಕು. ಬರೀ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡಾಗಲಿ ಸಾಮಾನ್ಯ ವಿಮೆಯಾಗಲಿ ನೆರವಿಗೆ ಬರುವುದಿಲ್ಲ. ಹುಟ್ಟು ಕೊರತೆಗೋ ಅಪಘಾತದ ಗಾಯಕ್ಕೋ ನೆರವು ಸಿಗುವುದೇ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಊರಿನಿಂದ ಬೆಂಗಳೂರಿಗೆ ನಾಲ್ಕಾರು ಸಲ ಓಡಾಡುವ ಖರ್ಚನ್ನೂ, ಕೆಲಸ ಬಿಟ್ಟ ದಿನಗಳ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಲ ಮಾಡಿ ಅವಸರದಲ್ಲಿ ಮಾಡಿಸಬೇಕಾದ ಚಿಕಿತ್ಸೆ ಇದಲ್ಲ.

ದೊಡ್ಡವರ ವಿಷಯ

ಹೆಣ್ಣು ನೋಡಲು ಬಂದವರು ಕಿವಿಯ ಬಗ್ಗೆ ಒಂದು ಮಾತು ಆಡಿಹೋದರು ಎಂದು ಮಗಳನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸುವ ಮನೆಗಳಿವೆ. ಹಾಗೆ ಮಾಡಿಸಿದ ಚಿಕಿತ್ಸೆಯಿಂದ ಕಿವಿ ಹಿಂದಕ್ಕೆ ಸರಿದೀತು. ತನ್ನಲ್ಲಿ ಏನೋ ಊನವಿದೆಯೆಂಬ ಭಾವ ಮುಂದಕ್ಕೆ ಬಂದು ನಿಂತೀತು. ಇನ್ನೊಂದೆಡೆ, ವರ್ಷಗಟ್ಟಲೆ ಕೂದಲಲ್ಲಿ ಕಿವಿ ಮುಚ್ಚಿಕೊಂಡೇ ಬಾಳಿದ ಮೂವತ್ತರ ಮಗಳೋ ನಲವತ್ತರ ತಮ್ಮನೋ ತಾನಾಗಿಯೇ ಮಾಡಿಸಿಕೊಳ್ಳುತ್ತೇನೆಂದರೆ ಈ ವಯಸ್ಸಿನಲ್ಲಿ ಶೋಕಿ ಏಕೆ ಎಂದು ನಗುವುದೂ ಸರಿಯಲ್ಲ. ವಕ್ರ ಹಲ್ಲನ್ನು ತಿದ್ದಿಸುವುದು ಶೋಕಿಯಲ್ಲವಾದರೆ ಇದೂ ಅಲ್ಲ. ಬೇಕೆನ್ನುವವರ ಇಚ್ಛೆಗೂ ಬೇಡವೆನ್ನುವವರ ಇಚ್ಛೆಗೂ ಮನೆಯವರು ಒಂದೇ ಗೌರವ ಕೊಡಬೇಕು.

ಒಟ್ಟಿನಲ್ಲಿ ನೆನಪಿಡಬೇಕಾದ ಕ್ರಮ ಇದು. ಎಳೆಗೂಸಿನ ಕಿವಿಯ ಆಕಾರ ಬೇರೆಯಾಗಿದ್ದರೆ ಮೊದಲ ವಾರಗಳಲ್ಲೇ ತೋರಿಸಿ. ಕಿವಿ ಮುದುಡಿದ್ದರೆ ಅಂದಕ್ಕೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಚಾಚಿದ ಕಿವಿಗೆ ಮಗುವಿನ ಒಪ್ಪಿಗೆಗಾಗಿ ಕಾಯಿರಿ. ಹರಿದ ಹಾಲೆಗೆ ಹೆದರಬೇಡಿ, ಹರಿಯದಂತೆ ಮೊದಲೇ ಕಾಪಾಡಿಕೊಳ್ಳಿ. ಇನ್ನು ಅಡ್ಡಹೆಸರು ಬಿಡುವುದಕ್ಕೆ ಅರಿವಳಿಕೆಯೂ ಬೇಡ, ಹೊಲಿಗೆಯೂ ಬೇಡ, ಖರ್ಚೂ ಇಲ್ಲ. ಆ ಚಿಕಿತ್ಸೆಯನ್ನು ಪ್ರತಿಯೊಂದು ಮನೆಯೂ ಇಂದೇ ಆರಂಭಿಸಬಹುದು.